ಕೊಟ್ಟವರಿಗೆ ಒಂದು ಸುದ್ದಿ

ಯಾವುದೇ ಸಮಾರಂಭದಲ್ಲಿ ನಾನು ಕಾದು ಕೂತು ಕೇಳುವ ಭಾಗವೆಂದರೆ ವಂದನಾರ್ಪಣೆ. ಸ್ವಾಗತ ಭಾಷಣಕ್ಕೆ ಒಂದು ಗತ್ತಿರುತ್ತದೆ. ಅಧ್ಯಕ್ಷೀಯ ಭಾಷಣಕ್ಕೆ ಕೇಳುವವರು ಇದ್ದರೂ ಸರಿ, ಇಲ್ಲದಿದ್ದರೂ ಸರಿ. ವಂದನಾರ್ಪಣೆಯ ಪಾಳಿ ಬರುವ ಹೊತ್ತಿಗೆ ಮುಖ್ಯ ಅತಿಥಿಗಳ ಡ್ರೈವರ್ ಗಾಡಿ ತಿರುಗಿಸಿ ನಿಲ್ಲಿಸಿರುತ್ತಾನೆ, ಹಿಂದಿನ ಸಾಲುಗಳು ಖಾಲಿಯಾಗಿರುತ್ತವೆ, ಪಕ್ಕದ ಕೋಣೆಯಲ್ಲಿ ಉಪ್ಪಿಟ್ಟು-ಶಿರಾದ ಪ್ಲೇಟುಗಳ ಸದ್ದು ಶುರುವಾಗಿರುತ್ತದೆ. ಆಗ ಕಾಲೇಜಿನ ಎಲ್ಲರಿಗಿಂತ ಕಿರಿಯ ಮಾಸ್ತರರು ಚೀಟಿ ಹಿಡಿದು ಎದ್ದು ಬರುತ್ತಾರೆ. ಕಟ್ಟಡಕ್ಕೆ ಕಲ್ಲು ಕೊಟ್ಟವರು, ಕೊಳವೆಬಾವಿ ಕೊರೆಸಿಕೊಟ್ಟವರು, ಶಾಮಿಯಾನ ಹಾಕಿದವರು, ಮೈಕಿನವರು, ಹೂವಿನವರು. ಒಂದೊಂದು ಹೆಸರಿಗೂ 'ಹೃತ್ಪೂರ್ವಕ'ವೊಂದು ತಗಲಿಕೊಂಡೇ ಬರುತ್ತದೆ. ಕೊನೆಗೆ 'ಪ್ರತ್ಯಕ್ಷವಾಗಿ ಹಾಗೂ ಪರೋಕ್ಷವಾಗಿ ಸಹಕರಿಸಿದ ಸರ್ವರಿಗೂ' ಎಂದು ಉಸಿರು ಬಿಟ್ಟು ಕೂರುತ್ತಾರೆ.

ಆ ಚೀಟಿಯ ಭಾರ ಹೊತ್ತವರಿಗೇ ಗೊತ್ತು. ಹಾರದಲ್ಲಿ ಹೂ ಕಡಿಮೆಯಾದರೆ ದಾನಿ ಸಹಿಸಿಕೊಳ್ಳುತ್ತಾನೆ, ಶಾಲು ತೆಳುವಾದರೂ ಸಹಿಸಿಕೊಳ್ಳುತ್ತಾನೆ. ಹೆಸರೇ ತಪ್ಪಿತೋ, ಆಮೇಲೆ ಆ ಕಾಲೇಜಿನ ಕಡೆ ತಲೆ ಹಾಕಿಯೂ ಮಲಗುವುದಿಲ್ಲ. ಇದನ್ನು ಹೆಸರಿನ ಹುಚ್ಚು ಎಂದು ನಗಾಡುವವರಿದ್ದಾರೆ. ನಾನೂ ನಕ್ಕವನೇ. ನಮ್ಮ ಕಡೆಯ ಶಾಲೆಗಳಲ್ಲಿ ಸೀಲಿಂಗ್ ಫ್ಯಾನಿನ ರೆಕ್ಕೆಯ ಮೇಲೆ ದಾನಿಯ ಹೆಸರು, ಊರು, ಕಿರಾಣಿ ಅಂಗಡಿಯ ವಿಳಾಸ ಬರೆಸುವ ಪದ್ಧತಿಯಿತ್ತು. ಫ್ಯಾನು ತಿರುಗುವಾಗ ಹೆಸರು ಕಾಣದು. ಕರೆಂಟು ಹೋದಾಗ ಇಡೀ ತರಗತಿ ಬೆವರು ಒರೆಸಿಕೊಳ್ಳುತ್ತ ಅವರ ಹೆಸರನ್ನು ನಿಧಾನವಾಗಿ ಓದುತ್ತಿತ್ತು.

ಬೆಳಗಾವಿ-ಹುಬ್ಬಳ್ಳಿ-ಧಾರವಾಡದ ಬಯಲಲ್ಲಿ ಬೆಳೆದವರಿಗೆ ಇನ್ನೊಂದು ಚೋದ್ಯವೂ ಗೊತ್ತು. ಇಲ್ಲಿ ದಾನಿಗಳ ಹೆಸರು ಎಲ್ಲರ ಬಾಯಲ್ಲೂ ಇದೆ, ಆದರೆ ಬರೀ ಮೊದಲಕ್ಷರಗಳಾಗಿ. ಬೆಳಗಾವಿಯ ಹುಡುಗ 'ಜಿ.ಎ. ಹೈಸ್ಕೂಲು' ಎನ್ನುತ್ತಾನೆ, ಅದರೊಳಗೆ ಗಿಲಗಂಚಿಯವರೂ ಅರಟಾಳದವರೂ ಇದ್ದಾರೆ. 1916ರಲ್ಲಿ ಏಳು ಮಂದಿ ತರುಣ ಶಿಕ್ಷಕರು ಕಟ್ಟಿದ ಕರ್ನಾಟಕ ಲಿಂಗಾಯತ ಎಜುಕೇಶನ್ ಸೊಸಾಯಿಟಿಯ ಆ ಶಾಲೆಯಲ್ಲಿ ಅವರಿಬ್ಬರ ನೆನಪು ಆ ಎರಡಕ್ಷರ. 'ಆರ್.ಎಲ್.ಎಸ್.' ಎಂದರೆ ವಂಟಮುರಿಯ ರಾಜಾ ಲಖಮಗೌಡರು. 'ಬಿ.ವಿ.ಬಿ.'ಯಲ್ಲಿ ಇಂಜಿನಿಯರಿಂಗ್ ಮುಗಿಸಿ ಅಮೆರಿಕೆಗೆ ಹೋದ ಹುಡುಗರು ಎಷ್ಟೋ. ಅದು ಬಸಪ್ಪ ವೀರಪ್ಪ ಭೂಮರಡ್ಡಿಯವರ ಹೆಸರೆಂದು ಅವರಲ್ಲಿ ಎಷ್ಟು ಮಂದಿಗೆ ಹೊಳೆದಿದೆಯೋ. 1947ರಲ್ಲಿ ಶುರುವಾದ ಆ ಕಾಲೇಜೇ ಈಗ ಕೆ.ಎಲ್.ಇ. ತಾಂತ್ರಿಕ ವಿಶ್ವವಿದ್ಯಾಲಯ. ಆದರೂ ಆಟೊದವರ ಬಾಯಲ್ಲಿ ಅದು ಬಿ.ವಿ.ಬಿ.ಯೇ.

ಬೆಂಗಳೂರಿನಲ್ಲಿ ಇದಕ್ಕೆ ಉಲ್ಟಾ ಆಗಿದೆ. ಜಮಶೆಟ್‌ಜಿ ಟಾಟಾ ತಮ್ಮ ಆಸ್ತಿಯಲ್ಲಿ 30 ಲಕ್ಷ ರೂಪಾಯಿಯಷ್ಟನ್ನು ವಿಜ್ಞಾನದ ಉನ್ನತ ಅಧ್ಯಯನಕ್ಕೆಂದು ಎತ್ತಿಟ್ಟರು, ಆದರೆ ಸಂಸ್ಥೆಗೆ ತಮ್ಮ ಹೆಸರು ಬೇಡವೆಂದರು. ಬ್ರಿಟಿಷ್ ಸರ್ಕಾರ ವರ್ಷಗಟ್ಟಲೆ ಕಡತ ಮಗುಚಿ ಹಾಕುತ್ತ ಕೂತಿತು. ಟಾಟಾ 1904ರಲ್ಲಿ ತೀರಿಕೊಂಡರು. ಭಾರತೀಯ ವಿಜ್ಞಾನ ಸಂಸ್ಥೆ ಹುಟ್ಟಿದ್ದು 1909ರಲ್ಲಿ. ವಂದನಾರ್ಪಣೆ ಕೇಳಲು ಅವರಿರಲಿಲ್ಲ. ಆದರೆ ಊರಿನ ಜನ ಸರ್ಕಾರಿ ಹೆಸರನ್ನು ಪಕ್ಕಕ್ಕಿಟ್ಟು 'ಟಾಟಾ ಇನ್‌ಸ್ಟಿಟ್ಯೂಟ್' ಎಂದು ಕರೆಯತೊಡಗಿದರು. ಇವತ್ತಿಗೂ ಸಿಟಿ ಬಸ್ಸಿನ ಕಂಡಕ್ಟರು ಕೂಗುವುದು ಅದನ್ನೇ. ಆ ಸಂಸ್ಥೆಗೆ 371 ಎಕರೆ ನೆಲ ಕೊಟ್ಟ ಮೈಸೂರು ಸಂಸ್ಥಾನದ ಹೆಸರನ್ನು ಮಾತ್ರ ಯಾವ ಕಂಡಕ್ಟರೂ ಕೂಗುವುದಿಲ್ಲ. ಮರ, ನೆರಳು, ಓಡಾಡುವ ಜಾಗವೆಲ್ಲ ಆ ನೆಲದ್ದೇ. ನೆಲ ಕೊಟ್ಟವರ ಪಾಡು ಸಾಮಾನ್ಯವಾಗಿ ಇಷ್ಟೇ: ಕಟ್ಟಡ ಎದ್ದಮೇಲೆ ನೆಲ ಯಾರಿಗೂ ಕಾಣುವುದಿಲ್ಲ.

ಘಟಿಕೋತ್ಸವಕ್ಕೆ ಹೋಗಿ ಕೂತರೆ ದಾನಿಗಳ ಪಟ್ಟಿ ಬೇರೆಯೇ ರೀತಿಯಲ್ಲಿ ಕೇಳುತ್ತದೆ. ಎಂ.ಎಸ್ಸಿ. ಭೌತಶಾಸ್ತ್ರಕ್ಕೆ ಇಂಥವರ ಸ್ಮರಣಾರ್ಥ ಚಿನ್ನದ ಪದಕ, ಕನ್ನಡಕ್ಕೆ ಇಂಥವರದು, ಗಣಿತಕ್ಕೆ ಇಂಥವರದು. ಗಮನವಿಟ್ಟು ಕೇಳಿದರೆ ಅದರಲ್ಲಿ ಎಷ್ಟೋ ಹೆಸರು ತಾಯಂದಿರವು. ಸಹಿಯ ಬದಲು ಹೆಬ್ಬೆಟ್ಟು ಒತ್ತುತ್ತಿದ್ದ ಒಬ್ಬಾಕೆಯ ಹೆಸರಿನಲ್ಲಿ ಭೌತಶಾಸ್ತ್ರದ ಪದಕವಿರುತ್ತದೆ. ಮಗ ಮೇಲೆ ಬಂದು, ಅವ್ವನಿಗೆ ಏನು ಕೊಡುವುದೆಂದು ತಿಳಿಯದೆ, ಆಕೆ ಹೋದಮೇಲೆ ವಿಶ್ವವಿದ್ಯಾಲಯದಲ್ಲಿ ದತ್ತಿ ಇಟ್ಟಿರುತ್ತಾನೆ. ಆ ದತ್ತಿಯ ಕಥೆಯೂ ಸ್ವಲ್ಪ ವಿನೋದದ್ದೇ. ನಾಲ್ಕೈದು ದಶಕದ ಹಿಂದೆ ಇಟ್ಟ ಕೆಲವು ಸಾವಿರದ ಬಡ್ಡಿಯಲ್ಲಿ ಅಂದು ಪದಕವೇ ಬರುತ್ತಿತ್ತು. ಇಂದು ಚಿನ್ನದ ನೀರು ಕುಡಿಸುವುದಕ್ಕೂ ಸಾಲದು. ದತ್ತಿ ಉಪನ್ಯಾಸಗಳದೂ ಅದೇ ಗತಿ. ಉಪನ್ಯಾಸಕರ ಬಸ್ ಚಾರ್ಜಿಗೆ ಬಡ್ಡಿ ಮುಗಿಯುತ್ತದೆ, ಚಹಾದ ಖರ್ಚು ವಿಭಾಗದ ಮುಖ್ಯಸ್ಥರ ಕಿಸೆಯದು. ಆ ಮುಖ್ಯಸ್ಥರೂ ದಾನಿಗಳೇ, ಅವರ ಹೆಸರನ್ನು ಎಲ್ಲೂ ಕೆತ್ತುವುದಿಲ್ಲ ಅಷ್ಟೆ.

ಕೃತಜ್ಞತೆ ಹೇಳುವುದರಲ್ಲಿ ನಮಗಿಂತ ಹಿಂದಿನವರು ಹೆಚ್ಚು ಜಾಣರಿದ್ದರು ಎಂಬುದು ನನ್ನ ಬಹುಕಾಲದ ಗುಮಾನಿ. ಸಾಕ್ಷಿ ಬೇಕಿದ್ದವರು ಇಂಡಿ ತಾಲ್ಲೂಕಿನ ಸಾಲೋಟಗಿಯ ಶಾಸನ ನೋಡಬೇಕು. ಕ್ರಿ.ಶ. 945ರದು, ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಕಾಲದ್ದು. ಅವನ ಮಂತ್ರಿ ನಾರಾಯಣ ಅಲ್ಲೊಂದು ಶಾಲೆ ಕಟ್ಟಿಸಿದ. ಶಾಲೆಯೆಂದರೆ ಮಗ್ಗಿ ಹೇಳಿಸುವ ಶಾಲೆಯಲ್ಲ, ಬೇರೆ ಬೇರೆ ನಾಡುಗಳಿಂದ ಓದುವವರು ಬಂದು ಇಳಿಯುತ್ತಿದ್ದ ವಿದ್ಯಾಕೇಂದ್ರ. ಅವರು ತಂಗಲು 27 ನಿವೇಶನ. ಗುರುವಿನ ಜೀವನಕ್ಕೆ 50 ನಿವರ್ತನ ಹೊಲ. ದೀಪದ ಎಣ್ಣೆಗೆಂದೇ 12 ನಿವರ್ತನ. ಈ ದೀಪದ ಹೊಲದ ಹತ್ತಿರ ಬಂದಾಗಲೆಲ್ಲ ನಾನು ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಹುಡುಗರು ರಾತ್ರಿ ಓದುತ್ತಾರೆ, ಓದಲು ಬೆಳಕು ಬೇಕು, ಬೆಳಕಿಗೆ ಎಣ್ಣೆ ಬೇಕು, ಎಣ್ಣೆಗೆ ಹೊಲ ಬೇಕು ಎಂದು ಹಿಂದಿನಿಂದ ಮುಂದಕ್ಕೆ ಯೋಚಿಸಿದವರು ಯಾರೋ, ಅವರು ಖಂಡಿತ ಸ್ವತಃ ಕತ್ತಲಲ್ಲಿ ಓದಿದವರು.

ಇನ್ನೂ ರುಚಿಯಾದ ಭಾಗ ಮುಂದಿದೆ. ಊರಿನವರು ತಮ್ಮ ಮೇಲೆ ತಾವೇ ಒಂದು ವಂತಿಗೆ ಹಾಕಿಕೊಂಡರು. ಮನೆಯಲ್ಲಿ ಮದುವೆಯಾದರೆ ಶಾಲೆಗೆ ಐದು ಹೂವು, ಮುಂಜಿಯಾದರೆ ಅದರಲ್ಲಿ ಅರ್ಧ, ಚೌಲವಾದರೆ ಅದರಲ್ಲೂ ಅರ್ಧ. ಹೂವೆಂದರೆ ಆಗಿನ ನಾಣ್ಯವಂತೆ. ಊಟ ಹಾಕಿಸಿದರೆ ಶಾಲೆಯವರನ್ನೂ ಕೈಲಾದಮಟ್ಟಿಗೆ ಕರೆಯಬೇಕು. ಅಂದರೆ ಊರಿನಲ್ಲಿ ಯಾರ ಮನೆಯಲ್ಲಿ ಸಂತೋಷವಾದರೂ ಅದರ ಒಂದು ಪಾಲು ಆ ಹುಡುಗರಿಗೆ ಮುಟ್ಟುತ್ತಿತ್ತು. ಊರಲ್ಲಿ ಮದುವೆಯ ವಾಲಗ ಕೇಳಿದಾಗ ಅವರಿಗೆ ಆಗುತ್ತಿದ್ದ ಉತ್ಸಾಹವನ್ನು ಊಹಿಸಿದರೆ ನನಗೆ ಈಗಲೂ ನಗು ಬರುತ್ತದೆ.

ಚಿತ್ತಾಪುರದ ಹತ್ತಿರದ ನಾಗಾವಿಯಲ್ಲಿ 1058ರ ಇನ್ನೊಂದು ಶಾಸನವಿದೆ. ಅಲ್ಲಿನ ಘಟಿಕಾಸ್ಥಾನಕ್ಕೆ ಆರು ಮಂದಿ ಸರಸ್ವತೀ ಭಂಡಾರಿಗರು, ಅಂದರೆ ಗ್ರಂಥಪಾಲರು. ಆರು! ಈಗಿನ ಎಷ್ಟು ವಿಶ್ವವಿದ್ಯಾಲಯಗಳಲ್ಲಿ ಗ್ರಂಥಪಾಲರ ಹುದ್ದೆ ಖಾಲಿ ಬಿದ್ದಿದೆಯೆಂದು ಬಲ್ಲವರು ಈ ಸಾಲನ್ನು ಓದಿ ಒಂದು ನಿಟ್ಟುಸಿರು ಬಿಟ್ಟು ಮುಂದೆ ಹೋಗಬಹುದು.

ಇಂಥ ದಾನಶಾಸನಗಳಲ್ಲಿ ಹೊಗಳಿಕೆ ಇರುತ್ತದೆ, ಬೇಕಾದಷ್ಟು ಇರುತ್ತದೆ. ಆದರೆ ಅವು ಮುಗಿಯುವುದು ಹೊಗಳಿಕೆಯಲ್ಲಲ್ಲ, ಶಾಪದಲ್ಲಿ. ಕೊಟ್ಟಿದ್ದನ್ನು ನುಂಗಿದವನಿಗೆ ವಾರಾಣಸಿಯಲ್ಲಿ ಕವಿಲೆಯನ್ನು ಕೊಂದ ಪಾಪ. ಅವನು ಅರವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿ ಬಿದ್ದಿರಬೇಕು. ಈ ಕಾಲದಲ್ಲಿ ಇದರ ಜಾಗಕ್ಕೆ ಚಾರ್ಟರ್ಡ್ ಅಕೌಂಟೆಂಟರ ಸಹಿ ಬಂದಿದೆ. ಒಮ್ಮೆ ಒಂದು ವಿಶ್ವವಿದ್ಯಾಲಯದ ಹಣಕಾಸು ಅಧಿಕಾರಿಗಳ ಮುಂದೆ, ವಾರ್ಷಿಕ ವರದಿಯ ಕೊನೆಯ ಪುಟಕ್ಕೆ ಈ ಹುಳುವಿನ ಸಾಲನ್ನು ಮತ್ತೆ ತಂದರೆ ಹೇಗೆ ಎಂದು ಕೇಳಿದ್ದೆ. 'ಸರ, ಆಡಿಟ್ ಆಕ್ಷೇಪಣಾ ಒಮ್ಮೆ ಬಂದು ನೋಡಲಿ. ಹುಳ ಆಗೂದ ಎಷ್ಟೋ ಛಲೋ ಅನಸ್ತದ' ಎಂದರು.

ಶಾಸನಕ್ಕೆ ಸಿಗದ ದಾನಿಗಳ ಲೆಕ್ಕ ಬೇರೆ. ನಮ್ಮ ಅಪ್ಪ ವಾರಾನ್ನ ಉಂಡು ಮೆಟ್ರಿಕ್ ಮುಗಿಸಿದವರು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ವಕೀಲರ ಮನೆಯಲ್ಲಿ ಅನ್ನ, ಸಾರು, ತುಪ್ಪ. ಆದರೆ ಬಡಿಸುವವರು ಮುಖ ನೋಡುತ್ತಿರಲಿಲ್ಲ. ಗುರುವಾರದ ಮನೆ ಒಬ್ಬ ವಿಧವೆಯದು. ಅಲ್ಲಿ ರೊಟ್ಟಿ, ಖಾರದಹಿಂಡಿ, ಮಜ್ಜಿಗೆ. ಆಕೆ ಮಾತ್ರ ಎದುರಿಗೆ ಕೂತು ಕೇಳುತ್ತಿದ್ದಳು: ಇವತ್ತು ಏನು ಕಲಿಸಿದರು, ಲೆಕ್ಕ ಬಂತೋ ಇಲ್ಲವೋ, ಪರೀಕ್ಷೆ ಯಾವಾಗ. ಮೆಟ್ರಿಕ್ ಫಲಿತಾಂಶ ಪತ್ರಿಕೆಯಲ್ಲಿ ಬಂದ ದಿನ ಅಪ್ಪ ಮೊದಲು ಹೋದದ್ದು ಗುರುವಾರದ ಮನೆಗೆ. 'ಪಾಸಾದ್ಯಾ ತಮ್ಮಾ?' ಎಂದು ಕೇಳಿ, ಹೌದೆಂದ ಮೇಲೆ, ಪತ್ರಿಕೆಯಲ್ಲಿ ಅವರ ನಂಬರು ಯಾವುದೆಂದು ತೋರಿಸಲು ಹೇಳಿದಳಂತೆ. ಓದು ಬರದವಳು ಆ ನಂಬರಿನ ಮೇಲೆ ಬೆರಳಿಟ್ಟು ನೋಡಿದಳಂತೆ. ಅಪ್ಪ ಕಾಲಿಗೆರಗಲು ಬಾಗಿದಾಗ, ಅದಿರಲಿ, ಮುಂದೆ ಏನು ಓದುತ್ತೀ ಎಂದಳಂತೆ. ಉಪಕಾರ ಸ್ಮರಣೆಯ ಮಾತು ಆಡಲು ಬಿಡಲೇ ಇಲ್ಲ ಎಂದು ಅಪ್ಪ ಇಳಿವಯಸ್ಸಿನಲ್ಲೂ ಹೇಳುತ್ತಿದ್ದರು.

ಈ ಕಥೆ ಹೇಳುವಾಗ ಇನ್ನೊಂದು ಮಾತನ್ನೂ ಹೇಳಲೇಬೇಕು. ವಾರಾನ್ನ ಸಿಕ್ಕಿದ್ದು ಅಪ್ಪನ ಜಾತಿಯ ಹುಡುಗರಿಗೆ. ಸಾಲೋಟಗಿಯ ದೀಪದ ಕೆಳಗೂ ಎಲ್ಲರಿಗೂ ಜಾಗವಿರಲಿಲ್ಲ. ಮಕ್ಕಳಿಲ್ಲದ ಸಿರಸಂಗಿಯ ದೇಸಾಯಿ ಲಿಂಗರಾಜರು 1906ರಲ್ಲಿ ಕಣ್ಣು ಮುಚ್ಚುವ ಮುನ್ನ ತಮ್ಮ ಇಡೀ ಸಂಸ್ಥಾನವನ್ನು ವಿದ್ಯೆಗೆಂದು ಬರೆದಿಟ್ಟರು. ಅಷ್ಟು ದೊಡ್ಡ ಮನಸ್ಸಿನ ಮೃತ್ಯುಪತ್ರವೂ ತಮ್ಮ ಸಮಾಜದ ಮಕ್ಕಳನ್ನೇ ಕಣ್ಣ ಮುಂದಿಟ್ಟುಕೊಂಡಿತ್ತು. ಕೈ ದೊಡ್ಡದು, ಅಂಗಳ ಸಣ್ಣದು. ಅಂಗಳವನ್ನು ದೊಡ್ಡದು ಮಾಡಿದವರು ಬೇರೆ ಬೇರೆ ಕಡೆ ಎದ್ದರು. ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿ ಜೋಳಿಗೆ ಹಿಡಿದು ತಂದ ಕಾಳಿನಲ್ಲಿ, ಯಾವ ಜಾತಿಯೆಂದು ಕೇಳದೆ, ಸಾವಿರಾರು ಮಕ್ಕಳು ಉಂಡು ಓದಿದರು. ಆ ಜೋಳಿಗೆಗೆ ಒಂದು ಸೇರು ರಾಗಿ ಹಾಕಿದ ರೈತನ ಹೆಸರು ಯಾವ ಚೀಟಿಯಲ್ಲಿದೆ?

ಮಂಗಳೂರಿನ ಕುದ್ಮುಲ್ ರಂಗರಾಯರ ನೆನಪಾಗುತ್ತದೆ. ವಕೀಲರು, ಸಾರಸ್ವತ ಬ್ರಾಹ್ಮಣರು. ದಲಿತರ ಮಕ್ಕಳಿಗಾಗಿ ಶಾಲೆ ತೆರೆದದ್ದಕ್ಕೆ ಸ್ವಂತ ಜನ ಅವರನ್ನು ದೂರ ಇಟ್ಟಿತು. ಅಷ್ಟು ಕೊಟ್ಟವರು ಬದಲಿಗೆ ಏನು ಬಯಸಿದರೆಂಬುದು ಕರಾವಳಿಯಲ್ಲಿ ಬಹಳ ಮಂದಿಗೆ ಗೊತ್ತು. ಈ ಮಕ್ಕಳು ಓದಿ, ಸರ್ಕಾರಿ ಕೆಲಸ ಹಿಡಿದು, ಕಾರಿನಲ್ಲಿ ನಮ್ಮ ಬೀದಿಯಲ್ಲಿ ಓಡಾಡಬೇಕು. ಆ ಕಾರಿನ ಧೂಳು ತಮ್ಮ ತಲೆಗೆ ತಾಗಬೇಕು. ಅಷ್ಟಾದರೆ ಜನ್ಮ ಸಾರ್ಥಕ ಎಂಬುದು ಅವರ ಆಸೆಯಾಗಿತ್ತು. ಹಾರ ಬೇಡ, ಫಲಕ ಬೇಡ. ಗುರುವಾರದ ಮನೆಯಾಕೆ ಕೇಳಿದ್ದನ್ನೇ ಇವರೂ ಕೇಳಿದ್ದು: ಹುಡುಗ ಏನಾದ?

ನಾನು ಓದಿದ ವಿಶ್ವವಿದ್ಯಾಲಯದವರು ನನ್ನಿಂದ ದಾನಿಗಳಿಗೂ ಹಳೆಯ ವಿದ್ಯಾರ್ಥಿಗಳಿಗೂ ಒಂದು ಧನ್ಯವಾದ ಪತ್ರ ಬರೆಸಿದಾಗ ಇದೆಲ್ಲ ತಲೆಯಲ್ಲಿತ್ತು. 'ಸರ, ನಿಮ್ಮ ಕನ್ನಡ ಛಲೋ ಅದ, ಒಂದು ಪುಟ ಬರದು ಕೊಡ್ರಿ' ಎಂದು ಹಳೆಯ ವಿದ್ಯಾರ್ಥಿಗಳ ಸಂಘದ ಕಾರ್ಯದರ್ಶಿ ಮನೆಗೇ ಬಂದಿದ್ದರು. ಜೊತೆಗೆ ಹಿಂದಿನ ವರ್ಷದ ಪತ್ರದ ನಕಲು. ಅದರಲ್ಲಿ 'ಕೊಡುಗೈ ದಾನಿಗಳೇ' ಎಂಬಲ್ಲಿಂದ 'ತಮ್ಮ ಸಹಕಾರ ಹೀಗೇ ಮುಂದುವರಿಯಲಿ' ಎಂಬಲ್ಲಿಯವರೆಗೆ ಎಲ್ಲವೂ ಇತ್ತು. ಕೊಟ್ಟ ಹಣ ಎಲ್ಲಿ ಹೋಯಿತೆಂಬುದೊಂದು ಇರಲಿಲ್ಲ. ಜೊತೆಗೊಂದು ಪಟ್ಟಿ, ಮೊತ್ತದ ಇಳಿಕೆಯ ಕ್ರಮದಲ್ಲಿ.

ಈಗ ಸುದ್ದಿಯಾಗುವ ದಾನಗಳು ಬಹಳ ದೊಡ್ಡವು. 2022ರಲ್ಲಿ ಬಾಗ್ಚಿ ಹಾಗೂ ಪಾರ್ಥಸಾರಥಿ ದಂಪತಿಗಳು ಭಾರತೀಯ ವಿಜ್ಞಾನ ಸಂಸ್ಥೆಯ ವೈದ್ಯಕೀಯ ಶಾಲೆಗೆ 425 ಕೋಟಿ ರೂಪಾಯಿ ಕೊಡುವುದಾಗಿ ಹೇಳಿದರು. ಧಾರವಾಡದಲ್ಲೂ ಓದಿ ಮುಂದೆ ಮುಂಬಯಿ ಐಐಟಿ ಸೇರಿದ ನಂದನ್ ನಿಲೇಕಣಿ, ಆ ಸಂಸ್ಥೆಯ ಮೆಟ್ಟಿಲು ಹತ್ತಿ 50 ವರ್ಷ ಆದದ್ದಕ್ಕೆ 2023ರಲ್ಲಿ 315 ಕೋಟಿ ಕೊಟ್ಟರು. ಒಳ್ಳೆಯದೇ ಆಯಿತು. ನಮ್ಮಂಥ ಜಿಲ್ಲಾ ಊರುಗಳ ವಿಶ್ವವಿದ್ಯಾಲಯಗಳ ಪಟ್ಟಿ ಅಷ್ಟು ಎತ್ತರದಿಂದ ಶುರುವಾಗುವುದಿಲ್ಲ. ಮೇಲುಗಡೆ ಒಬ್ಬಿಬ್ಬರು ಉದ್ಯಮಿಗಳು, ನಡುವೆ ಅಮೆರಿಕ-ಮಸ್ಕತ್ತಿನ ಹಳೆಯ ವಿದ್ಯಾರ್ಥಿಗಳು, ಕೊನೆಗೆ ಪಿಂಚಣಿಯಲ್ಲಿ ಐನೂರು ರೂಪಾಯಿ ಕಳಿಸುವ ಮಾಸ್ತರರು. ಪಟ್ಟಿಯಲ್ಲೇ ಇಲ್ಲದ ಬಹುದೊಡ್ಡ ದಾನಿ ಇನ್ನೊಬ್ಬರಿದ್ದಾರೆ. ಸರ್ಕಾರಿ ವಿಶ್ವವಿದ್ಯಾಲಯದ ಸಂಬಳ, ಸುಣ್ಣಬಣ್ಣ, ಪ್ರಯೋಗಾಲಯದ ಗಾಜು ಎಲ್ಲಕ್ಕೂ ಸೋಪು ಕೊಂಡಾಗಲೂ ಬೀಡಿ ಕೊಂಡಾಗಲೂ ತೆರಿಗೆ ಕಟ್ಟಿದವರು. ತಮ್ಮ ಮಕ್ಕಳು ಆ ಗೇಟಿನೊಳಗೆ ಕಾಲಿಡದಿದ್ದರೂ ಕಟ್ಟಿದವರು. ಅವರಿಗೆ ಪತ್ರ ಹಾಕಲು ವಿಳಾಸವೆಲ್ಲಿ?

ವಿಳಾಸವಿದ್ದವರಿಗಾದರೂ ಸರಿಯಾಗಿ ಬರೆಯೋಣವೆಂದು ನಾನು ಕ್ಯಾಂಪಸ್ಸಿಗೆ ಹೋಗಿ ಸುತ್ತಾಡಿದೆ. ಮೆಸ್ಸಿನವರನ್ನು, ಲೈಬ್ರರಿಯ ಅಟೆಂಡರನ್ನು, ಹೆಣ್ಣುಮಕ್ಕಳ ಹಾಸ್ಟೆಲಿನ ವಾರ್ಡನ್‌ರನ್ನು ಮಾತಾಡಿಸಿದೆ. ಪತ್ರದಲ್ಲಿ ಬರೆದದ್ದು ಇಂಥವು. ಗ್ರಂಥಾಲಯದ ಹಳೆಯ ಪತ್ರಿಕೆಗಳ ಕೋಣೆ ಈ ಮಳೆಗಾಲದಲ್ಲಿ ಸೋರಲಿಲ್ಲ. ಬಕೀಟುಗಳನ್ನು ಮಾಲಿ ಒಯ್ದಿದ್ದಾನೆ. ನೀವು ಕೊಟ್ಟ ವಿದ್ಯಾರ್ಥಿವೇತನ ಪಡೆದ ಒಬ್ಬ ಹುಡುಗಿ ಮನೆಯವರು ನೋಡಿದ ಗಂಡನ್ನು ಬೇಡವೆಂದು ಪಿಎಚ್‌ಡಿಗೆ ಹೆಸರು ಹಚ್ಚಿದ್ದಾಳೆ. ಅವಳ ತಂದೆ ಇನ್ನೂ ಸಿಟ್ಟಿನಲ್ಲಿದ್ದಾರೆ. ಹೆಣ್ಣುಮಕ್ಕಳ ಹಾಸ್ಟೆಲಿಗೆ ಹಾಕಿಸಿಕೊಟ್ಟ ಸೋಲಾರ್ ಚೆನ್ನಾಗಿದೆ, ಆದರೆ ಧಾರವಾಡದ ಆಷಾಢದಲ್ಲಿ ಸೂರ್ಯನೇ ಹಾಜರಿ ಹಾಕದ ಕಾರಣ ಆ ತಿಂಗಳು ತಣ್ಣೀರೇ ಗತಿ. ಒಂದು ಪದಕದ ಬಡ್ಡಿ ಸಾಲದೆ ಈ ವರ್ಷ ಬೆಳ್ಳಿಯದನ್ನೇ ಕೊಟ್ಟೆವು. ನಿಮ್ಮ ತಾಯಿಯವರ ಹೆಸರನ್ನು ಮಾತ್ರ ಸ್ಪಷ್ಟವಾಗಿ ಓದಿದ್ದೇವೆ.

ಕಾರ್ಯದರ್ಶಿಗಳು ಓದಿ ಮುಖ ಹುಳ್ಳಗೆ ಮಾಡಿದರು. 'ಸರ, ಇದು ಧನ್ಯವಾದ ಆಗಿಲ್ಲ, ಮನಿ ಪತ್ರ ಆಗೇದ. ತಣ್ಣೀರಿನ ಮಾತು ಯಾಕ್ರೀ?' ಕುಲಪತಿಗಳ ಕಚೇರಿಯಿಂದ ಎರಡು 'ಘನತೆವೆತ್ತ', ಮೂರು 'ಹೃತ್ಪೂರ್ವಕ' ಸೇರಿಕೊಂಡವು. ಬೆಳ್ಳಿಯ ವಾಕ್ಯ ಹೋಯಿತು. ತಣ್ಣೀರಿನದು ಯಾರ ಕಣ್ಣಿಗೂ ಬೀಳದೆ ಉಳಿಯಿತು.

ಪತ್ರ ಹೋದಮೇಲೆ ಸಂಘದ ಫೋನು ಬಿಡುವಿಲ್ಲದೆ ಬಡಿದುಕೊಂಡಿತಂತೆ. ಧನ್ಯವಾದಕ್ಕೆ ಪ್ರತಿಯಾಗಿ ಧನ್ಯವಾದ ಹೇಳಲು ಯಾರೂ ಮಾಡಿರಲಿಲ್ಲ. ಪಿಎಚ್‌ಡಿ ಹುಡುಗಿಯ ವಿಷಯ ಯಾವುದೆಂದು ಒಬ್ಬರು ಕೇಳಿದರು; ಬೇಕಾದರೆ ಅವಳ ತಂದೆಯ ಹತ್ತಿರ ನಾನು ಮಾತಾಡುತ್ತೇನೆ ಎಂದರು ಇನ್ನೊಬ್ಬರು. ಹಳೆಯ ಪತ್ರಿಕೆಗಳ ಕೋಣೆಯಲ್ಲಿ ತಾನು ಕೂರುತ್ತಿದ್ದ ಕಿಟಕಿಯ ಪಕ್ಕದ ಮೇಜು ಇದೆಯೋ ಇಲ್ಲವೋ ಎಂದು ಒಬ್ಬಾಕೆಗೆ ತಿಳಿಯಬೇಕಿತ್ತು. ಮಸ್ಕತ್ತಿನಿಂದ ಸೋಲಾರ್ ಕೊಡಿಸಿದ ಮಹಾಶಯರು ಮಾತ್ರ ಕಾರ್ಯದರ್ಶಿಗಳನ್ನು ತರಾಟೆಗೆ ತೆಗೆದುಕೊಂಡರು. 'ಆಷಾಢದಾಗ ಹುಡಿಗ್ಯಾರು ತಣ್ಣೀರು ಸುರಕೊಳ್ತಾರು ಅಂತ ಮೊದಲ ಯಾಕ ಹೇಳಲಿಲ್ಲ? ನಾನೂ ಅದ ಊರಾಗ ಹಾಸ್ಟೆಲಿನ್ಯಾಗ ಇದ್ದಾವ. ಒಂದು ಕಟ್ಟಿಗಿ ಬಾಯ್ಲರ್ ಹಾಕಸ್ರಿ, ಬಿಲ್ ನನಗ ಕಳಸ್ರಿ.'

ಬಾಯ್ಲರ್ ಬಂದಿದೆ. 'ಇದಕ್ಕೂ ಒಂದು ಪತ್ರ ಆಗಬೇಕಲ್ರಿ ಸರ' ಎಂದು ಕಾರ್ಯದರ್ಶಿಗಳು ಮತ್ತೆ ಬಂದು ಹೋದರು. ವಾರ್ಡನ್‌ರಿಗೆ ಹೇಳಿ ಕಳಿಸಿದ್ದೇನೆ. ನೀರು ಎಷ್ಟು ಗಂಟೆಗೆ ಕಾಯುತ್ತದೆ, ಎಷ್ಟು ಜನಕ್ಕೆ ಸಾಲುತ್ತದೆ, ಕಟ್ಟಿಗೆ ಎಲ್ಲಿಂದ ತರುತ್ತಿದ್ದಾರೆ, ಹೊಗೆ ಅಡುಗೆಮನೆಗೆ ನುಗ್ಗುತ್ತದೆಯೋ ಹೇಗೆ. ಇಷ್ಟು ತಿಳಿಯದೆ ಆ ಪತ್ರ ಶುರು ಮಾಡುವಂತಿಲ್ಲ.